ಮೂರು ತಿಂಗಳ ಅಮಾನತು

ಬಸ್ಸು ಓಡಿಸುತ್ತ ಫೋನಿನಲ್ಲಿ ಮಾತಾಡಿದ್ದಕ್ಕೆ ಚನ್ನವೀರಪ್ಪನಿಗೆ ದಂಡ ಬಿತ್ತು. ಲೈಸೆನ್ಸೂ ಮೂರು ತಿಂಗಳು ಅಮಾನತಾಯಿತು. ಪ್ರಯಾಣಿಕರಲ್ಲಿ ಯಾರೋ ವಿಡಿಯೋ ತೆಗೆದು ಪೊಲೀಸರಿಗೆ ಕಳಿಸಿದ್ದರು. ಠಾಣೆಯಲ್ಲಿ ಅದನ್ನು ತೋರಿಸಿದಾಗ ಅವನಿಗೆ ಕಂಡದ್ದು ತನ್ನ ಬೆನ್ನು ಮತ್ತು ಕಿವಿಗೆ ಒತ್ತಿದ ಫೋನು, ಅಷ್ಟೇ. ಇಷ್ಟು ವರ್ಷ ಒಂದೂ ಅಪಘಾತ ಮಾಡದವನಿಗೆ ಆ ಅವಮಾನದಲ್ಲಿ ರಾತ್ರಿ ಊಟ ಸೇರಲಿಲ್ಲ.

“ವಿಡಿಯೋ ಮಾಡಿದವ್ರು ಕೈಗೆ ಸಿಗಲಿ, ಸುಮ್ನ ಬಿಡಾಂಗಿಲ್ಲ,” ಎಂದು ತಾಟು ದೂಡಿದ.

ಎದುರಿಗೆ ಕೂತಿದ್ದ ಮಗಳು ಶಾಂಭವಿ ತಲೆ ಎತ್ತಲಿಲ್ಲ. “ಬಸ್ಸಿನ ತುಂಬ ಮಂದಿ ಇದ್ರಲ್ಲಪ್ಪಾ.”

“ಯಾರಿಗೇನಾತು? ಎಲ್ಲಾರೂ ಆರಾಮ ಊರು ಮುಟ್ಟಿದ್ರು!”

“ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ನೀ ಒಂದ ಕೈಲೆ ಸ್ಟೇರಿಂಗ್ ತಿರುವಿದಿ. ಬಸುರಿ ಹೆಣ್ಮಗಳು ಒಬ್ಬಾಕಿ ಹೊಟ್ಟಿ ಹಿಡ್ಕೊಂಡು ಚೀರಿದ್ಲು. ನಿನಗ ಅದೂ ಕೇಳಿಸ್ಲಿಲ್ಲ.”

ಚನ್ನವೀರಪ್ಪ ಮಗಳನ್ನೇ ನೋಡಿದ. “ವಿಡಿಯೋದಾಗ ಅದ್ಯಾವುದೂ ಇಲ್ಲಲ್ಲ. ನಿನಗ ಯಾರು ಹೇಳಿದ್ರು?”

“ಆಗ ಬಸ್ಸು ವಾಲಿ ನನ್ನ ಕೈಯಾಗಿನ ಫೋನು ಕೆಳಗ ಬಿತ್ತಪ್ಪಾ.”