ಕೆಂಪು ಹಗ್ಗ

ಕೆಮ್ಮಣ್ಣು ಮೆತ್ತಿದ ಹಗ್ಗ ಪೇಟೆಯ ಬಯಲಿಗೆ ಬರುತ್ತಿದ್ದ ಹಾಗೇ ಜನರೆಲ್ಲ ಬಟ್ಟೆ ಮೇಲಕ್ಕೆತ್ತಿಕೊಂಡು ಓಡತೊಡಗಿದರು. ಮಿಕಿಯೋನ್ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಹಬ್ಬಕ್ಕೆಂದು ಎತ್ತಿಟ್ಟಿದ್ದ ಬಿಳಿಯ ಹೊದಿಕೆಯನ್ನು ಇವತ್ತು ಬೇಕೆಂದೇ ಹೊದ್ದು ಬಂದಿದ್ದ.

ಅಥೆನ್ಸಿನಲ್ಲಿ ಸಭೆಯ ದಿನದ ಹಳೆಯ ರೂಢಿ ಅದು. ಊರಿನ ಇಬ್ಬರು ಆಳುಗಳು ಹಗ್ಗದ ಒಂದೊಂದು ತುದಿ ಹಿಡಿದು, ಹರಟೆಗೆ ನಿಂತ ಪೌರರನ್ನು ಸಭೆಯ ಗುಡ್ಡದ ಕಡೆಗೆ ಅಟ್ಟುವರು. ಬಟ್ಟೆಗೆ ಕೆಂಪು ತಾಗಿಸಿಕೊಂಡವನಿಗೆ ದಂಡ. ಅಲೆಕ್ಸಾಂಡರ್ ಸತ್ತನೆಂದು ಕೇಳಿ ದಂಗೆಯೆದ್ದಿದ್ದ ಊರು ಈಗ ಸೋತು ಕೂತಿತ್ತು. ಬಂದರಿನ ಗುಡ್ಡದ ಮೇಲೆ ಮೆಸಿಡೋನಿಯಾದ ಪಾಳೆಯ ಬಿದ್ದಿತ್ತು. ಇನ್ನು ಆಸ್ತಿವಂತರಷ್ಟೇ ಪೌರರು ಎಂದು ಗೆದ್ದವರು ಕಟ್ಟಳೆ ಮಾಡಿದ್ದರು. ಊರಿನ ಅರ್ಧಕ್ಕಿಂತ ಹೆಚ್ಚು ಜನ ಹೊರಗೆ ಬಿದ್ದ ಮೇಲೆ ಸಭೆಗೆ ತಲೆ ಸಾಲದಾಗಿ, ಮೂಲೆ ಸೇರಿದ್ದ ಹಳೆಯ ಹಗ್ಗವನ್ನು ಮತ್ತೆ ಹೊರತೆಗೆದಿದ್ದರು.

ಮಿಕಿಯೋನ್ ಯುದ್ಧದ ಹಡಗಿನಲ್ಲಿ ಹುಟ್ಟು ಹಾಕಿದವನು, ಈಗ ಚಪ್ಪಲಿ ಹೊಲಿಯುವವನು. ಆಸ್ತಿ ಎಂದರೆ ಒಂದು ದಬ್ಬಳ, ಎರಡು ಕೈ. ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೂಡಿದ್ದ. ದಂಡ ಬೀಳುವುದು ಪೌರನಿಗೆ ಮಾತ್ರ ತಾನೇ? ಹೊದಿಕೆಯ ಮೇಲೆ ಒಂದು ಗೆರೆ ಕೆಂಪು ಬಿದ್ದರೆ ಸಾಕು, ಆಮೇಲೆ ತನ್ನನ್ನು ಪೌರನಲ್ಲ ಎನ್ನುವ ಬಾಯಿ ಯಾವುದು?

"ನಿಂದೇ ಪುಣ್ಯ ಕಣಯ್ಯ!" ಎಣ್ಣೆ ವ್ಯಾಪಾರಿ ಹೆಗೆಲೋಖೋಸ್ ಏದುಸಿರು ಬಿಡುತ್ತ ಪಕ್ಕದಲ್ಲೇ ಓಡಿದ. "ಬಿಸಿಲಲ್ಲಿ ಕೂತು ಆ ಬಾಯಿಬಡುಕರ ಮಾತು ಕೇಳೋ ಕರ್ಮ ತಪ್ತು ನಿಂಗೆ!"

ಹಗ್ಗ ಎದುರಿಗೆ ಬಂದು ನಿಂತಿತು. ಅದರ ತುದಿಯಲ್ಲಿ ಮುದಿ ಆಳು ಮನೇಸ್.

"ದಾರಿ ಬಿಡಣ್ಣ."

"ಯಾಕೋ ಬಿಡ್ಲಿ? ಹರೇದಲ್ಲಿ ನನ್ನ ಅಟ್ಟಿಸ್ಕೊಂಡು ಬರ್ತಿದ್ದೋನು ನೀನು. ಒಂದಿನನಾದ್ರೂ ಸಿಕ್ಕಿದೀನಾ? ಇವತ್ತು ನಾನೇ ಸಿಕ್ತೀನಿ, ಬಾ. ಎಳಿ ಹಗ್ಗನ!"

ಮನೇಸ್ ನಗಲಿಲ್ಲ. "ನಿಂಗೆ ಬಣ್ಣ ತಾಗಿಸಿದ್ರೆ ನನ್ನ ಬೆನ್ನಿನ ಚರ್ಮ ಸುಲೀತಾರೆ. ಯಾರ‍್ಯಾರನ್ನ ಬಿಟ್ಟು ಹೋಗ್ಬೇಕು ಅಂತ ಮೊದ್ಲೇ ಹೇಳಿ ಕಳಿಸಿದಾರೆ. ತಪ್ಪು ತಿಳ್ಕೋಬೇಡಣ್ಣ."

ಆ ಕಡೆಯ ಆಳಿಗೆ ಅವನು ಕಣ್ಸನ್ನೆ ಮಾಡಿದ. ಇಬ್ಬರೂ ತೋಳು ಮೇಲಕ್ಕೆತ್ತಿದರು. ದಾರಿಗೆ ಅಡ್ಡ ಸಿಕ್ಕ ಕಂಬವನ್ನು ದಾಟಿಸುವಂತೆ ಹಗ್ಗವನ್ನು ಮಿಕಿಯೋನನ ತಲೆಯ ಮೇಲಿಂದ ದಾಟಿಸಿದರು. ಅವನು ತುದಿಗಾಲಲ್ಲಿ ನಿಂತು ಕೈ ಚಾಚಿದ. ಅಷ್ಟರಲ್ಲಿ ಅದು ದಾಟಿಹೋಗಿತ್ತು. ಅವನ ಬೆನ್ನ ಹಿಂದೆ ಹಗ್ಗ ಮತ್ತೆ ಸೊಂಟದ ಮಟ್ಟಕ್ಕೆ ಇಳಿದು, ಓಡುವವರ ಹಿಂದೆ ಹೊರಟುಹೋಯಿತು.

ಮನೆಗೆ ಬಂದಾಗ ಹೆಂಡತಿ ಫಿಲುಮೆನೆ ಮಗ್ಗದ ಮುಂದೆ ನಿಂತಿದ್ದಳು. ಪ್ರತಿ ಸಭೆಯ ದಿನ ಕೇಳುವಂತೆಯೇ, ತಿರುಗಿ ನೋಡದೆ ಕೇಳಿದಳು: "ಏನ್ ತೀರ್ಮಾನ ಆಯ್ತು?"

ಪ್ರತಿ ಸಲವೂ ಅವನ ಉತ್ತರ ಒಂದೇ ಇರುತ್ತಿತ್ತು: ಅದೆಲ್ಲ ನಿಂಗ್ಯಾಕೆ, ನೆಯ್ಕೊಂಡಿರು. ಇವತ್ತು ಹೊಸ್ತಿಲ ಮೇಲೇ ಕುಸಿದು ಕೂತ.

"ಗೊತ್ತಿಲ್ಲ ಕಣೆ."

ನೂಲು ಎಳೆಯುತ್ತಿದ್ದ ಅವಳ ಕೈ ನಿಂತಿತು. ತಿರುಗಿ, ಅವನ ಬೆಳ್ಳನೆಯ ಹೊದಿಕೆಯನ್ನು ಅಂಚಿನಿಂದ ಅಂಚಿನವರೆಗೆ ನೋಡಿದಳು.

"ಸಂಜೆ ಬಾವಿ ಹತ್ರ ಯಾರಾದ್ರೂ ಹೇಳ್ತಾರೆ. ನಾನು ಯಾವತ್ತೂ ಹಂಗೇ ತಿಳ್ಕೊಂಡಿದ್ದು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಒಳಗೆ ಹೋಗಿ, ನೀರು ತರುವ ಖಾಲಿ ಕೊಡ ತಂದು ಅವನ ಪಕ್ಕದಲ್ಲಿಟ್ಟಳು.