ಬೆಲ್ಲದ ಡಬ್ಬಿ

ಪ್ರಾಕ್ಟಿಕಲ್ ಮುಗಿಸಿ ಹೊರಬಂದವರು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂರಬೇಕು. ಯಾರಿಗೆ ಏನು ಬಂತೆಂದು ಕೇಳಬಾರದು. ನೌಕರಿ ಮಾಡುವವರಿಗಾಗಿ ಭಾನುವಾರ ನಡೆಯುವ ಈ ಆಘಾತ ನಿರ್ವಹಣೆಯ ಸ್ನಾತಕೋತ್ತರ ಕೋರ್ಸಿನಲ್ಲಿ ಅದೊಂದೇ ಕಟ್ಟುನಿಟ್ಟಿನ ನಿಯಮ. ಒಳಗಿನ ಕುರ್ಚಿಯಲ್ಲಿ ಕೂತರೆ, ಮುಂದೆ ಬರಲಿರುವ ನಿಮ್ಮದೇ ದುಃಖವೊಂದು ಈಗಲೇ ಬಂದು ಸ್ವಲ್ಪ ಹೊತ್ತು ಕಾಡಿ ಹೋಗುತ್ತದೆ. ಅದನ್ನು ತಾಳಿಕೊಳ್ಳುವುದೇ ಪಾಠ; ಬೆಲ್ಲ ಆಮೇಲೆ ಚೇತರಿಸಿಕೊಳ್ಳಲು. ಕಳೆದ ತಿಂಗಳು ನರ್ಸ್ ನೀಲಗಂಗಾಗೆ ತಾಯಿಯ ಸಾವು ಬಂದಿತ್ತು. ವಾರದಲ್ಲೇ ತಾಯಿ ತೀರಿಕೊಂಡಾಗ ಅವಳು ಕುಸಿಯದೆ ಎಲ್ಲ ನಿಭಾಯಿಸಿದ್ದಳು.

ಇವತ್ತು ಅವಳಿಗೆ ಬಂದದ್ದು ಕೆಸರು ನೀರು, ಮತ್ತು ಅದರಲ್ಲಿ ಕೈಯಿಂದ ಜಾರಿಹೋದ ಮಗಳ ಬೆರಳು.

ಹೊರಗೆ ಬಂದು ಬೆಲ್ಲಕ್ಕೆ ಕೈಚಾಚಿದ ನೀಲಗಂಗಾ ಹಾಗೇ ನಿಂತಳು. ಅವಳಿಗಿಂತ ಮೊದಲೇ ಕುರ್ಚಿಯಿಂದ ಎದ್ದುಬಂದಿದ್ದ ಸಹಪಾಠಿ, ಆಂಬುಲೆನ್ಸ್ ಡ್ರೈವರ್ ದಸ್ತಗೀರ್ ತನ್ನ ಒಣ ಅಂಗಿಯ ಅಂಚನ್ನು ಹಿಂಡುತ್ತಿದ್ದ. ಅವನ ಪಕ್ಕದಲ್ಲಿ, ಅದೇ ತರಗತಿಯ ಬ್ಯಾಂಕ್ ಮ್ಯಾನೇಜರು ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು ಕೂತಿದ್ದರು.

“ಅಣ್ಣಾ, ನಿಮಗೂ ನೀರ ಬಂತೇನ್ರೀ?” ಎಂದಳು.

“ನಮ್ಮ ಓಣಿ ಪೂರಾ ಮುಳುಗಿತ್ರೀ, ಅಕ್ಕಾರ.”

“ಮಾತಾಡಬ್ಯಾಡ್ರಿ!” ಪಾಠ ಹೇಳುವ ಜಯತೀರ್ಥ ಸರ್ ಗದರಿದರು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಂದೂ ಆ ಕುರ್ಚಿಯಲ್ಲಿ ಕೂರದವರು ತಾವೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊರಬರುವಾಗ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದಿದ್ದರು. ಒಣ ನೆಲದ ಮೇಲೆ ಕಾಲೆಳೆಯುತ್ತ ಬಂದು ಬೆಲ್ಲದ ಡಬ್ಬಿಯನ್ನು ಎಲ್ಲರ ಮುಂದೆ ಸರಿಸಿದರು.

“ಮನೀಗೂ ಒಯ್ರಿ,” ಎಂದರು. “ಸಣ್ಣ ಮಕ್ಕಳಿಗೆ ಮೊದಲ ಕೊಡ್ರಿ.”