ತಾಯಿಗೂ ವಸಿ ಜಾಗ

ಕಬ್ಬು ಕಡಿಯುವಾಗ ಸಾಲಿನ ನಡುವೆ ಸಿಕ್ಕ ಮೂರು ಬೆಕ್ಕಿನ ಮರಿಗಳನ್ನು ಕೆಂಪಾಜಿ ಮಡಿಲಿಗೆ ಹಾಕಿಕೊಂಡು ಗುಡಿಸಲಿಗೆ ತಂದಳು. ಆಗಷ್ಟೇ ಕಣ್ಣು ಬಿಟ್ಟಿದ್ದ, ದಪ್ಪ ಪಾದದ ಮರಿಗಳು ಮಾರ್ಗಶಿರದ ಚಳಿಗೆ ಗಡಗಡ ನಡುಗುತ್ತಿದ್ದವು. ಒಲೆಯ ಹತ್ತಿರ ಮಲಗಿದ್ದ ತನ್ನ ಕೂಸಿನ ಪಕ್ಕದಲ್ಲೇ ಗೋಣಿಚೀಲ ಹಾಸಿ, ಅವನ್ನೂ ಬೆಚ್ಚಗೆ ಹೊದಿಸಿದಳು.

"ಕಾಡುಬೆಕ್ಕು ಕಣೆ," ಅಂದ ಗಂಡ. "ಇದ್ದ ತಾವ್ಲೇ ಬುಟ್ಬುಟ್ಟು ಬಾ. ತಾಯಿ ಹುಡೀಕ್ಕೊಂಡು ಬತ್ತದೆ."

"ಕಬ್ಬೆಲ್ಲಾ ಕಡ್ದಾಯ್ತು, ಇನ್ನೆಲ್ಲಿ ಮರೆ ಅದೆ ಅವಕ್ಕೆ? ತಾಯಿ ಬಂದ್ರೆ ಬರ್ಲಿ. ಅದ್ಕೂ ವಸಿ ಜಾಗ ಮಾಡ್ಕೊಡ್ತೀನಿ."

ಗಂಡ ಗೊಣಗುತ್ತಾ ನೀರು ತರಲು ಹೋದ.

ಮುಸ್ಸಂಜೆಯಾಗುತ್ತಲೇ ಮರಿಗಳು ಅರಚತೊಡಗಿದವು. ಹೊರಗೆ ಒಂದೇ ಸಮನೆ ಬೊಗಳುತ್ತಿದ್ದ ನಾಯಿ ಥಟ್ಟನೆ ಸುಮ್ಮನಾಗಿ, ಬಾಲ ಮುದುರಿಕೊಂಡು ಓಡಿಹೋಯಿತು. ಕಬ್ಬಿನ ತರಗು ಸರಸರ ಅಂದಿತು.

ಕೆಂಪಾಜಿಗೆ ನಗು ಬಂತು. ಬಾಗಿಲಿಗಿಟ್ಟಿದ್ದ ತಡಿಕೆಯನ್ನು ಪಕ್ಕಕ್ಕೆ ಸರಿಸಿ, ಒಂದು ಬಟ್ಟಲು ಹಾಲಿಟ್ಟಳು.

"ಬಾರವ್ವ ಒಳೀಕೆ. ಎದ್ರುಕೋಬೇಡ, ನಿನ್ ಮಕ್ಳು ಇಲ್ಲೇ ಅವೆ."

ಮತ್ತೆ ಒಲೆಗೆ ಮುಖ ಮಾಡಿ ಊದುತ್ತಾ ಕೂತಳು.

ಅವಳ ಬೆನ್ನ ಹಿಂದೆ ಒಳಗೆ ಬಂದ ಚಿರತೆ ಮೊದಲು ಮೂಸಿದ್ದು ಕೂಸನ್ನು.